ಕೌಂಟೆಸ್ ಬಿದ್ದ ರಾತ್ರಿ

ಉತ್ತರ ವೇಲ್ಸಿನ ಬೆಥೆಸ್ಡಾ ಅಮ್ಮನ ತವರು. ಬೇಸಿಗೆ ರಜೆ ಬಂತೆಂದರೆ ಮ್ಯಾಂಚೆಸ್ಟರಿನಿಂದ ನಮ್ಮ ಸವಾರಿ ಅಲ್ಲಿಗೇ. ಅಜ್ಜಿಯನ್ನು ಆ ಕಡೆ ನೈನ್ ಎನ್ನುತ್ತಾರೆ, ಅಜ್ಜನನ್ನು ತೈದ್. ಅವರ ಬೀದಿಯ ತುದಿಯಲ್ಲೇ ಬಿಸ್ಕತ್ತಿನ ಅಂಗಡಿಯೊಂದಿತ್ತು. ನಾವು ಅದರ ಮೆಟ್ಟಿಲು ತುಳಿಯುವಂತಿರಲಿಲ್ಲ. ಏಕೆಂದರೆ ಅಂಗಡಿಯವನ ಅಜ್ಜ 1901ರಲ್ಲಿ ಕೆಲಸಕ್ಕೆ ಹೋಗಿದ್ದ! ಕೆಲಸಕ್ಕೆ ಹೋಗದವರನ್ನು ಬೈಯುವ ಅಜ್ಜಿಯರು ಅಪ್ಪನ ಕಡೆ, ಉಡುಪಿಯಲ್ಲಿ, ಬೇಕಾದಷ್ಟಿದ್ದರು. ಹೋದದ್ದಕ್ಕೆ ಬೈಯುವವಳು ನೈನ್ ಒಬ್ಬಳೇ.

ಊರಿಗೆ ಅನ್ನ ಕೊಟ್ಟದ್ದು ಪೆನ್ರಿನ್ ಎಂಬ ಸ್ಲೇಟುಕಲ್ಲಿನ ಗಣಿ. 1900ರ ನವೆಂಬರಿನಲ್ಲಿ ಅಲ್ಲಿ ಶುರುವಾದ ಮುಷ್ಕರ ಮೂರು ವರ್ಷ ಎಳೆಯಿತು. ನಡುವೆ ನೂರಾರು ಮಂದಿ ಗಣಿಗೆ ಮರಳಿದರು. ಉಳಿದವರು ತಮ್ಮ ಮನೆಯಲ್ಲಿ ದ್ರೋಹಿಗಳಿಲ್ಲವೆಂದು ಕಿಟಕಿಗೆ ಚೀಟಿ ಅಂಟಿಸಿಕೊಂಡರು. ಪುಸ್ತಕಗಳ ಪ್ರಕಾರ ಮುಷ್ಕರ 1903ರಲ್ಲಿ ಮುಗಿಯಿತು. ನೈನ್ ಆ ಪುಸ್ತಕಗಳನ್ನು ಓದಿರಲಿಲ್ಲ.

ತೈದ್ ಅದೇ ಗಣಿಯಲ್ಲಿ ಕಲ್ಲು ಸೀಳಿ ಹಂಚು ಮಾಡುತ್ತಿದ್ದವರು. ದಾರಿಯಲ್ಲಿ ಎದುರಾದವರ ಮುಖಕ್ಕಿಂತ ಅವರ ಮನೆಯ ಮಾಡೇ ಅವರಿಗೆ ಹೆಚ್ಚು ಪರಿಚಯ. ಸ್ಲೇಟು ಹಂಚಿನ ಅಳತೆಗಳಿಗೆ ದೊಡ್ಡಮನೆಯ ಹೆಂಗಸರ ಪದವಿಗಳು: 24 ಇಂಚು ಉದ್ದ, 12 ಅಗಲವಾದರೆ ಡಚೆಸ್, 20-10 ಆದರೆ ಕೌಂಟೆಸ್, 16-8ರದ್ದು ಬರೀ ಲೇಡಿ. ಇದು ಗೊತ್ತಿಲ್ಲದ ವಯಸ್ಸಿನಲ್ಲಿ, ಗಾಳಿಮಳೆಯ ಒಂದು ರಾತ್ರಿ ಮಾಡಿನ ಮೇಲೆ ಧಡಾರ್ ಎಂದು ಸದ್ದಾಯಿತು. ತೈದ್ ಟಾರ್ಚು ಹಿಡಿದು ಹೊರಗೆ ಹೋಗಿ ಬಂದು, “ಏನಿಲ್ಲ, ಕೌಂಟೆಸ್ ಒಬ್ಬಳು ಬಿದ್ದು ಎರಡು ಹೋಳಾಗಿದ್ದಾಳೆ, ಮಲಗಿ” ಎಂದರು. ತಮ್ಮ ಮಲಗಲಿಲ್ಲ. ಅಪ್ಪ ಡಾಕ್ಟರಾಗಿಯೂ ಹಾಸಿಗೆ ಬಿಟ್ಟು ಏಳಲಿಲ್ಲವೆಂದು ಬೆಳಗಿನವರೆಗೆ ಅತ್ತ.

ಅಪ್ಪನನ್ನು ಆ ಮನೆ ಅಳಿಯನೆಂದು ಒಪ್ಪಿದ ಕಥೆಯನ್ನು ಅಮ್ಮ ಆಗಾಗ ಹೇಳುತ್ತಿದ್ದಳು. ಬಣ್ಣ, ಧರ್ಮ ಯಾವುದರ ಮಾತೂ ಬರಲಿಲ್ಲವಂತೆ. ಉಡುಪಿಯವರು ಯಾರೂ 1901ರಲ್ಲಿ ಪೆನ್ರಿನ್ ಗಣಿಗೆ ಇಳಿದಿಲ್ಲ ಎಂದು ಖಾತ್ರಿಯಾದ ಮೇಲೆ ನೈನ್ ಚಹಾ ಕೊಟ್ಟಳು. ತೈದ್ ಮಾತ್ರ ಅಪ್ಪ ತಂದಿದ್ದ ಮನೆಯ ಫೋಟೋ ಹಿಡಿದು, ಮುಂದೆ ನಿಂತಿದ್ದ ಅಷ್ಟೂ ಬೀಗರನ್ನು ಬಿಟ್ಟು, ಹಿಂದಿನ ಮಂಗಳೂರು ಹಂಚನ್ನೇ ನೋಡಿದರಂತೆ.

“ಎಲ್ಲ ಒಂದೇ ಅಳತೆಯೋ?”

“ಹೌದು.”

“ಡಚೆಸ್ ಇಲ್ಲವೇ ಇಲ್ಲ?”

“ಇಲ್ಲ.”

“ಹಾಗಾದರೆ ಮರ್ಯಾದಸ್ಥರ ಊರೇ,” ಎಂದು ತೈದ್ ನೈನ್ ಕಡೆ ತಿರುಗಿ, ಇನ್ನೊಂದು ತುಂಡು ಕೇಕು ಹಾಕಲು ಹೇಳಿದರಂತೆ.