ಅಂಗಿ ಒಂದ, ಕಿಸೆ ಎರಡು

(ಯಡೂರು. ವೀರಭದ್ರ ದೇವರ ಗುಡಿ ಹತ್ತಿರದ ಚಹಾದಂಗಡಿ. ನವೆಂಬರ್ 2025. ಚಹಾಕ್ಕೆ ಸಕ್ಕರೆ ಜಾಸ್ತಿ, ಊರೇ ಕಬ್ಬಿನದು.)

ಬಾಳ್ಯಾ: ಕಾಕಾ, ಕಬ್ಬಿನ ರೇಟಿಗೆ ರೈತರು ಕುಂತಿದ್ದ ಗುರ್ಲಾಪುರ ಕ್ರಾಸಿನ ಧರಣಿ ಮುಗೀತಂತ. ಟನ್ನಿಗೆ ಕೇಳಿದ್ದು 3,500, ಸಿಕ್ಕಿದ್ದು 3,300.

ಕಾಕಾ: ಅದೂ ಸುಮ್ನ ಸಿಕ್ಕಿಲ್ಲೋ. ಕಾರ್ಖಾನಿಯವರು 50 ರೂಪಾಯಿ ಹಾಕ್ತಾರ, ಸರಕಾರ 50 ಹಾಕ್ತೈತಿ.

ಬಾಳ್ಯಾ: ನಮ್ಮ ಜಿಲ್ಲಾದಾಗ ಅವೆರಡೂ ಬ್ಯಾರೆ ಅದಾವೇನು?

ಕಾಕಾ: ಛೇ, ಹಂಗ ಅನಬಾರದು. ಎಡಗಿಸೆ ಬ್ಯಾರೆ, ಬಲಗಿಸೆ ಬ್ಯಾರೆ. ಅಂಗಿ ಅಷ್ಟ ಒಂದ.

ಬಾಳ್ಯಾ: ಸರಕಾರದ 50 ಯಾವ ಕಿಸೇದು?

ಕಾಕಾ: ನಿಂದು. ಈ ಚಹಾದ ಸಕ್ಕರಿಗೆ ತೆರಿಗಿ ಕಟ್ಟಿಲ್ಲೇನು?

ಬಾಳ್ಯಾ: ನನ್ನ ರೊಕ್ಕ ನನಗ ತಿರುಗಿ ಕೊಡ್ತಾರ! ಎಂಥಾ ಪ್ರಾಮಾಣಿಕರು!

ಕಾಕಾ: ಅವಸರ ಮಾಡಬ್ಯಾಡ. ಕಬ್ಬಿನಾಗ ಸಕ್ಕರಿ ಇಳುವರಿ ನೂರಕ್ಕ 11.25 ಬಂದ್ರಷ್ಟ 3,300.

ಬಾಳ್ಯಾ: ಇಳುವರಿ ನೋಡಾವ್ರು ಯಾರು?

ಕಾಕಾ: ಕಾರ್ಖಾನಿಯವರು.

ಬಾಳ್ಯಾ: ತೂಕ?

ಕಾಕಾ: ಅವರದ ಕಾಟಾ.

ಬಾಳ್ಯಾ: ಕಾಟಾದಾಗ ಕಾಟ ಕೊಟ್ರ?

ಕಾಕಾ: ಸಾಹೇಬ್ರಿಗೆ ಅರ್ಜಿ ಕೊಡು.

ಬಾಳ್ಯಾ: ಅವರು ಎಲ್ಲಿ ಸಿಗ್ತಾರ?

ಕಾಕಾ: ಬೆಂಗಳೂರಾಗ ಇಲ್ಲಂದ್ರ ಕಾರ್ಖಾನ್ಯಾಗ.

ಬಾಳ್ಯಾ: ವೋಟ ಕೇಳಾಕ ಬಂದಾಗ ‘ನಾ ನಿಮ್ಮ ಸೇವಕ’ ಅಂದಿದ್ರಲ್ಲ?

ಕಾಕಾ: ಖರೇನ ಅಂದಾರ. ಎರಡು ಕಡೆ ನೌಕರಿ, ಪಾಪ. ಪಗಾರ ಎಲ್ಲಿ ಜಾಸ್ತಿ ಅಲ್ಲಿ ಹಾಜರಿ.

ಬಾಳ್ಯಾ: ಹಂಗಾದ್ರ ವಿರೋಧ ಪಕ್ಷದವರಿಗೆ ಹೇಳೋಣು.

ಕಾಕಾ: ಹೇಳು. ಅವರ ಕಾರ್ಖಾನಿ ಹೊಳಿ ಆಚಿಗೈತಿ.

ಬಾಳ್ಯಾ: ಮತ್ತ ಮುಂದಿನ ಸಲ ನಿನ್ನ ವೋಟ ಯಾರಿಗೆ?

ಕಾಕಾ: ಕಬ್ಬು ಕಡಿಯೋ ಗ್ಯಾಂಗ್ ಮೊದಲು ಯಾರು ಕಳಸ್ತಾರ, ಅವರಿಗೆ. ಹೊಲದಾಗ ಕಬ್ಬು ಒಣಗಾಕ ಹತ್ತೈತೋ ಮಾರಾಯಾ!