ಪೌಂಡೋಪಾಖ್ಯಾನ ಅಥವಾ ಝಡ್ ಡ್ರೈವ್ ಮೀಮಾಂಸೆ

ಪೀಠಿಕೆ: ನಮ್ಮ ಕಚೇರಿಯ ಹಳೆಯ ಕನ್ನಡ ತಂತ್ರಾಂಶವನ್ನು ಸರ್ವರಿನ ಝಡ್ ಡ್ರೈವಿಗೆ ಒಮ್ಮೆ ಇನ್‌ಸ್ಟಾಲ್ ಮಾಡಿದರೆ 12 ಕಂಪ್ಯೂಟರುಗಳೂ ಅದರಲ್ಲೇ ಉಂಡುಕೊಳ್ಳುತ್ತವೆ ಎಂದು ಈ ಲೇಖಕ ಬಗೆದ. ಮರುದಿನ 11 ಪರದೆಗಳಲ್ಲಿ ‘ಕನ್ನಡ’ ಎಂಬ ಮೂರಕ್ಷರ ಏಳು ಗುರುತುಗಳಾಗಿ ಒಡೆದಿತ್ತು: ಒಂದು ‘ಪಿ’, ತಲೆಗೆ ಗೀಟು ಬಿದ್ದ ಮೂರು ‘ಎ’, ಒಂದು ‘ಕ್ಯೂ’, ಜರ್ಮನ್ನರ ‘ಎಸ್‌ಜೆಟ್’, ನಟ್ಟನಡುವೆ ಬ್ರಿಟಿಷ್ ಪೌಂಡು.

ಪೂರ್ವಪಕ್ಷ: 1881ರಲ್ಲಿ ಮೈಸೂರಿನ ಆಡಳಿತ ಒಡೆಯರಿಗೆ ಮರಳಿದಾಗ ಬಾಕಿ ಉಳಿದ ಪೌಂಡು ‘ನ’ಕಾರದಲ್ಲಿ ಅವಿತಿದೆ ಎಂಬುದು ನಮ್ಮ ಎಫ್‌ಡಿಎ ಅವರ ಮತ. ಎಸ್‌ಜೆಟ್ ಬಗ್ಗೆ ಕೇಳಿದರೆ, 1894ರಲ್ಲಿ ನಿಘಂಟು ಕೊಟ್ಟ ಕಿಟೆಲ್ ಸಾಹೇಬರ ರುಜು ಎಂದರು.

ಸಿದ್ಧಾಂತ: ಎರಡೂ ಅಗ್ರಾಹ್ಯ. ನುಡಿ ಮಾದರಿಯ ಹಳೆಯ ಫಾಂಟುಗಳಲ್ಲಿ ಕನ್ನಡದ ಆಕಾರಗಳು ಲ್ಯಾಟಿನ್ ಗುರುತುಗಳ ಜಾಗದಲ್ಲೇ ಬಾಡಿಗೆಗಿವೆ. ಪೌಂಡಿನ ಮನೆಯಲ್ಲಿ ‘ನ’ದ ಒಡಲು. ಫಾಂಟ್ ಇಲ್ಲದ ಕಡೆ ಬಾಡಿಗೆದಾರ ಮಾಯ, ಮಾಲೀಕ ಪ್ರತ್ಯಕ್ಷ. ಇನ್‌ಸ್ಟಾಲರು ತಂತ್ರಾಂಶವನ್ನು ಝಡ್‌ಗೆ ಇಳಿಸಿ, ಫಾಂಟನ್ನು ಮಾತ್ರ ತಾನು ಓಡಿದ ಯಂತ್ರದ ಸಿ ಡ್ರೈವಿನಲ್ಲಿ ಇಟ್ಟಿತ್ತು. ಹಂಡೆ ಊರಿನದು, ಉಪ್ಪು ಒಬ್ಬರ ಮನೆಯದು.

ಅಧಿಕಾರ ಪ್ರಕರಣ: ಮತ್ತೊಂದು ಯಂತ್ರದಲ್ಲಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಒತ್ತಿದೆವು. ಝಡ್ ಡ್ರೈವೇ ಇಲ್ಲ ಎಂದಿತು! ವಿಂಡೋಸ್ ವಿಸ್ತಾ ಕಾಲದಿಂದಲೂ ಸಾಮಾನ್ಯ ಲಾಗಿನ್ನಿನಲ್ಲಿ ಮ್ಯಾಪ್ ಮಾಡಿದ ಡ್ರೈವು ಅಡ್ಮಿನ್ ಅವತಾರಕ್ಕೆ ತಾನಾಗಿ ಕಾಣುವುದಿಲ್ಲ. ಬಡ್ತಿ ಸಿಕ್ಕವರಿಗೆ ಹಳೆಯ ಗೆಳೆಯರು ಕಾಣದಿರುವುದಕ್ಕೆ ಇದಕ್ಕಿಂತ ಶಾಸ್ತ್ರೀಯ ಆಧಾರ ಬೇಕೆ? ಸಹಾಯ ಕಡತ ತೆರೆದರೆ ಬಲಭಾಗ ಬಟಾಬಯಲು. 2005ರ ಒಂದು ಭದ್ರತಾ ತಿದ್ದುಪಡಿಯಿಂದೀಚೆಗೆ ಅಂಥ ಕಡತಗಳು ನೆಟ್‌ವರ್ಕಿನಲ್ಲಿ ಕೂತು ಬಾಯಿ ಬಿಡುವುದಿಲ್ಲ.

ಪ್ರಾಯಶ್ಚಿತ್ತ: ಝಡ್ ಎನ್ನುವ ಬದಲು ಸರ್ವರಿನ ಪೂರ್ತಿ ವಿಳಾಸ ಕೊಡುವುದು. ಸಹಾಯ ಕಡತವನ್ನು ಸಿ ಡ್ರೈವಿಗೆ ನಕಲಿಸುವುದು. ಪ್ರತಿ ಯಂತ್ರಕ್ಕೂ ಫಾಂಟ್ ಹಾಕುವುದು. ಮೋಕ್ಷವೇ ಬೇಕಾದರೆ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವುದು. ಅಲ್ಲಿ ಕನ್ನಡಕ್ಕೆ 128 ಮನೆಗಳ ಸ್ವಂತ ಕೇರಿಯೇ ಇದೆ, ಪೌಂಡಿಗೆ ಪ್ರವೇಶವಿಲ್ಲ.

ಫಲಶ್ರುತಿ: ಹತ್ತು ಯಂತ್ರಗಳು ಸಂಜೆಯೊಳಗೆ ಸರಿಹೋದವು. ಹನ್ನೊಂದನೆಯದು ಎಫ್‌ಡಿಎ ಅವರದು. ಪೆನ್‌ಡ್ರೈವ್ ಹಿಡಿದು ಹೋದರೆ ಅವರು ಕೈ ಅಡ್ಡ ಇಟ್ಟರು: “ಸಂಬಳದ ಪಟ್ಟಿ ತುಂಬ ಪೌಂಡೇ ಕಾಣ್ತಿದೆ ಸಾರ್. ಒಂದನೇ ತಾರೀಕಿನವರೆಗೆ ಹೀಗೇ ಇರ್ಲಿ ಬಿಡಿ.”