ಟೆಸ್ಟರ್ ಲಕ್ಷಣ

ತಂತ್ರಾಂಶ ಪರೀಕ್ಷಕರು, ಬೆಂಗಳೂರಿನ ಕಚೇರಿಗಳ ಆಡುಮಾತಿನಲ್ಲಿ ಟೆಸ್ಟರ್‌ಗಳು, ಇತರರು ಕಟ್ಟಿದ್ದನ್ನು ಕೆಡವುವುದಕ್ಕೆ ಸಂಬಳ ಪಡೆಯುವ, ಕೆಡವಲು ಏನೂ ಸಿಗದ ದಿನ ಊಟ ರುಚಿಸದ ಒಂದು ವಿಶಿಷ್ಟ ವರ್ಗ. ದೋಷ ಹುಡುಕುವ ಉದ್ದೇಶದಿಂದಲೇ ಪ್ರೋಗ್ರಾಮನ್ನು ಓಡಿಸಿ ನೋಡುವುದು ಪರೀಕ್ಷೆ ಎಂದು ಗ್ಲೆನ್‌ಫೋರ್ಡ್ ಮಯರ್ಸ್ 1979ರ ತಮ್ಮ ಪುಸ್ತಕದಲ್ಲಿ ವ್ಯಾಖ್ಯಾನಿಸಿ, ಬೀಗರ ಊಟಕ್ಕೆ ಕುಳಿತ ಹಿರಿಯರಂತಹ ಈ ಸ್ವಭಾವಕ್ಕೆ ಶಾಸ್ತ್ರಾಧಾರವನ್ನೂ ಒದಗಿಸಿದರು. ಪ್ರೋಗ್ರಾಮರ್‌ಗಳು ಆ ಉಪಕಾರವನ್ನು ಇನ್ನೂ ಮರೆತಿಲ್ಲ.

ಟೆಸ್ಟರ್ ಕೆಲಸ ಕೀಲಿಮಣೆ ಕುಟ್ಟುವುದರಿಂದ ಆರಂಭವಾಗುತ್ತದೆ ಎಂಬುದು ಅನುಭವವಿಲ್ಲದವರ ನಂಬಿಕೆ. ಏನನ್ನು ಪರೀಕ್ಷಿಸಬೇಕು, ಯಾವ ಮಟ್ಟ ಮುಟ್ಟಿದರೆ ನಿಲ್ಲಿಸಬಹುದು ಎಂದು ಮೊದಲೇ ಗೊತ್ತುಮಾಡುವ ಯೋಜನೆ, ಅದರ ಬೆನ್ನಿಗೆ ಗ್ರಾಹಕರ ಬೇಡಿಕೆಗಳನ್ನು ಸಾಲುಸಾಲಾಗಿ ಓದುವ ವಿಶ್ಲೇಷಣೆ, ಇವೆರಡೂ ಮುಗಿಯುವುದರೊಳಗೆ ಕಚೇರಿಯ ಶಾಂತಿ ಅರ್ಧ ಕದಡಿರುತ್ತದೆ. “‘ಪುಟ ಬೇಗ ತೆರೆಯಬೇಕು’ ಅಂತ ಬರೆದಿದ್ದೀರಲ್ಲ ಸರ್, ಬೇಗ ಅಂದ್ರೆ ಎಷ್ಟು ಸೆಕೆಂಡು?” ಎಂಬ ಒಂದೇ ಪ್ರಶ್ನೆಗೆ, ಎಲ್ಲರೂ ತಲೆಯಾಡಿಸಿ ಒಪ್ಪಿದ್ದ ಸಾಲು ಮತ್ತೊಂದು ಸಭೆಯನ್ನು ಬೇಡುತ್ತದೆ. ಆ ಬಳಿಕ ಏನನ್ನು ಊಡಿಸಬೇಕು, ಯಾವ ಕ್ರಮದಲ್ಲಿ, ಬರಬೇಕಾದ ಫಲಿತಾಂಶವೇನು ಎಂಬುದನ್ನು ಬರೆದಿಡುವ ಟೆಸ್ಟ್ ಕೇಸ್‌ಗಳ ರಚನೆ, ದತ್ತಾಂಶದ ಸಿದ್ಧತೆ ಇತ್ಯಾದಿ ನಡೆಯುತ್ತವೆ. ಇವುಗಳಿಂದ ಯಾರಿಗೂ ತೊಂದರೆಯಿಲ್ಲ.

ತೊಂದರೆಯ ಮೂಲವಿರುವುದು ಗಡಿಮೌಲ್ಯ ವಿಶ್ಲೇಷಣೆ ಎಂಬ ವಿಧಾನದಲ್ಲಿ. ವಯಸ್ಸು 18ರಿಂದ 60 ಎಂದಿದ್ದರೆ ಸಭ್ಯ ಮನುಷ್ಯ 35 ಎಂದು ತುಂಬಿ ನೋಡುತ್ತಾನೆ. ಟೆಸ್ಟರ್ ಮಾತ್ರ 17, 18, 60, 61 ಎಂದೇ ತುಂಬುತ್ತಾರೆ, ಏಕೆಂದರೆ ತಪ್ಪುಗಳು ಬೇಲಿಯಂಚಿನಲ್ಲಿಯೇ ವಾಸಿಸುತ್ತವೆಂಬುದು ಅವರ ಸಿದ್ಧಾಂತ. ಔಟರ್ ರಿಂಗ್ ರಸ್ತೆಯ ಕಚೇರಿಯೊಂದರಲ್ಲಿ, ಅಧ್ಯಯನಕ್ಕೆ ಅಗತ್ಯಕ್ಕಿಂತ ತುಸು ಹತ್ತಿರವೇ ಎನ್ನಬಹುದಾದ ಮೇಜಿನಲ್ಲಿ ಕುಳಿತಿದ್ದ ಒಬ್ಬ ಮಹಿಳೆ ಈ ಸಿದ್ಧಾಂತದ ಪರಮ ನಿಷ್ಠರು. ಬ್ಯಾಂಕ್ ಖಾತೆ ತೆರೆಯುವ ಕನ್ನಡ ಅರ್ಜಿಯೊಂದರಲ್ಲಿ ಹೆಸರಿಗೆ 20ರ ಮಿತಿ ಇಟ್ಟು, ಇಪ್ಪತ್ತಕ್ಷರ ಯಾರಿಗೆ ಸಾಲದು ಎಂದುಕೊಂಡು ಪ್ರೋಗ್ರಾಮರ್ ಮಹಾಶಯನು ಕ್ಯಾಬ್ ಹತ್ತಲು ಚೀಲ ಹೆಗಲಿಗೇರಿಸಿದ್ದ ಶುಕ್ರವಾರ ಸಂಜೆ, ಆಕೆ “ಲಕ್ಷ್ಮಿ” ಎಂದು ತುಂಬಿದರು. ಕಣ್ಣಿಗೆ ಅದು ಎರಡೇ ಅಕ್ಷರ. ಕಂಪ್ಯೂಟರಿಗಾದರೋ ಮೂಲ ಅಕ್ಷರಗಳು, ಒತ್ತುಗಳನ್ನು ಬೆಸೆಯುವ ಎರಡು ಹಲಂತಗಳು, ಗುಣಿತದ ಗುರುತು ಎಲ್ಲ ಸೇರಿ ಯೂನಿಕೋಡಿನ 7 ಸಂಕೇತಗಳು, ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 21; ಆದಕಾರಣ “ಹೆಸರು 20 ಅಕ್ಷರಗಳನ್ನು ಮೀರಿದೆ” ಎಂದು ಪರದೆ ಘೋಷಿಸಿತು.

“ನನ್ನ ಮಷೀನ್‌ನಲ್ಲಿ ಸರಿಯಾಗೇ ಇದೆಯಲ್ಲ ಮೇಡಂ” ಎಂಬ ಸನಾತನ ಸಮರ್ಥನೆ ಬಂತು. ಆತ ನೋಡಿದ್ದು ಎ, ಬಿ, ಸಿ ಎಂಬ ಮೂರು ಇಂಗ್ಲಿಷ್ ಅಕ್ಷರ ತುಂಬಿ. “ಶುಕ್ರವಾರ, ಅದೂ ಬ್ಯಾಂಕಿಗೆ, ಲಕ್ಷ್ಮೀನೇ ಒಳಗೆ ಬರ್ತಿಲ್ಲ ಸರ್” ಎಂದ ಆಕೆ ದೋಷ ಎಷ್ಟು ಹಾನಿಕರ ಎಂಬ ತೀವ್ರತೆಯನ್ನೂ ಎಷ್ಟು ಬೇಗ ತಿದ್ದಬೇಕು ಎಂಬ ಆದ್ಯತೆಯನ್ನೂ ಗರಿಷ್ಠಕ್ಕೇರಿಸಿ ವರದಿ ದಾಖಲಿಸಿದರು. ಕ್ಯಾಬ್ ಹೋಯಿತು. ಮಿತಿಯನ್ನು 60 ಬೈಟಿಗೆ ಹಿಗ್ಗಿಸಿದ ಮೇಲೆ, ತಿದ್ದುಪಡಿ ನಿಜವೇ ಎಂದು ನೋಡುವ ಮರುಪರೀಕ್ಷೆಗೆ ಆಕೆ ಆರಿಸಿದ ಹೆಸರು ಲಕ್ಷ್ಮೀನರಸಿಂಹಮೂರ್ತಿ. 57 ಬೈಟ್, ಸಲೀಸಾಗಿ ಒಳಹೋಯಿತು. ಪ್ರೋಗ್ರಾಮರ್ ಉಸಿರು ಬಿಡುವುದರೊಳಗೆ ಆಕೆ ಅದರ ಹಿಂದೆ ಒಂದು “ಶ್ರೀ” ಸೇರಿಸಿದರು. ಅಲ್ಲಿಗೆ 69. ವರದಿಯ ಮೇಲೆ “ಮತ್ತೆ ತೆರೆಯಲಾಗಿದೆ” ಎಂಬ ಕೆಂಪು ಪಟ್ಟಿ ಬಿತ್ತು. ಕರ್ನಾಟಕದಲ್ಲಿ ಆ ಹೆಸರಿನವರು ಎಷ್ಟು ಮಂದಿ ಇದ್ದಾರು ಎಂಬ ವಾದ ಆ ರಾತ್ರಿ ಯಾರ ಬಾಯಿಂದಲೂ ಹೊರಡದೆ ಉಳಿದದ್ದು ಕೇವಲ ಹಸಿವಿನಿಂದ.

ಲಿಫ್ಟಿನಲ್ಲಿ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತುವುದು, ಎಟಿಎಂನಲ್ಲಿ ಸೊನ್ನೆ ರೂಪಾಯಿ ಕೇಳುವುದು, ಲಗ್ನಪತ್ರಿಕೆ ಕೈಗೆ ಬಂದೊಡನೆ ತಾರೀಖಿಗೂ ವಾರಕ್ಕೂ ತಾಳೆ ನೋಡುವುದು ಈ ವರ್ಗದ ಇತರ ಲಕ್ಷಣಗಳು. ಹಳೆಯ ಕೋಡ್ ಮುಟ್ಟಿಲ್ಲ, ಅದನ್ನು ಮತ್ತೆ ನೋಡಬೇಕಿಲ್ಲ ಎಂದು ಇವರೆದುರು ಅಪ್ಪಿತಪ್ಪಿಯೂ ಹೇಳಬಾರದು. ಹೇಳಿದರೆ, ಏರಿಯಾನ್ 4ರ ಕೋಡನ್ನು ಹೊತ್ತ ಏರಿಯಾನ್ 5 ರಾಕೆಟ್ 1996ರ ಜೂನ್ 4ರಂದು, 32,767ನ್ನು ಮೀರಿದ್ದು ಹಿಡಿಸದ 16 ಬಿಟ್ ಜಾಗದಲ್ಲಿ ತನ್ನ ಅಡ್ಡವೇಗದ ಅಂಕಿ ಉಕ್ಕಿ, ಮೇಲೆದ್ದ ಸುಮಾರು 40 ಸೆಕೆಂಡಿಗೆ ಚೂರಾದ ಕಥೆಯನ್ನು ಮೊದಲಿನಿಂದ ಕೇಳಬೇಕಾಗುತ್ತದೆ. ಕಥೆ ನಿಜ, ಅದೇ ಅದರ ದೊಡ್ಡ ತೊಡಕು.

ಪರೀಕ್ಷೆಯಿಂದ ದೋಷವಿದೆಯೆಂದು ತೋರಿಸಬಹುದೇ ಹೊರತು ಇಲ್ಲವೆಂದು ಸಾಧಿಸಲಾಗದು ಎಂದು ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಹೇಳಿದ್ದು ಇವರ ವೃತ್ತಿಗೆ ಅಂಟಿದ ಶಾಪವೆನ್ನಬೇಕು. ಕೊನೆಯ ಹಂತದಲ್ಲಿ ಉಳಿದ ದೋಷಗಳ ಪಟ್ಟಿ, ಕಲಿತ ಪಾಠ ಎಲ್ಲ ಬರೆದು ಸಮಾಪನ ವರದಿ ಒಪ್ಪಿಸುವಾಗಲೂ ಆಕೆಗೆ ಸಮಾಧಾನವಿರಲಿಲ್ಲ. ತಂತ್ರಾಂಶ ಬಿಡುಗಡೆಯಾದ ದಿನ ಕೇಕ್ ಕತ್ತರಿಸಿದ್ದು ಪ್ರೋಗ್ರಾಮರ್. ಬ್ಯಾಂಕಿನ ಕೌಂಟರಿನಲ್ಲಿ ನಡೆಯದೇ ಹೋದ ಜಗಳಕ್ಕೆ ಕೇಕ್ ತರಿಸುವ ಪದ್ಧತಿ ಯಾವ ಕಚೇರಿಯಲ್ಲೂ ಇಲ್ಲ. ಆಕೆ ಈಗ ಬೇರೆ ತಂಡದಲ್ಲಿದ್ದಾರೆ. ಶುಕ್ರವಾರದ ಕ್ಯಾಬ್ ತಪ್ಪುವುದಿಲ್ಲ. ಆದರೂ ಕೋಡ್ ಒಪ್ಪಿಸುವ ಮುನ್ನ ಆ ಪ್ರೋಗ್ರಾಮರ್ ಅತ್ತಿತ್ತ ನೋಡಿ ಶ್ರೀಲಕ್ಷ್ಮೀನರಸಿಂಹಮೂರ್ತಿಗಳನ್ನು ಒಮ್ಮೆ ಒಳಗೆ ಬಿಟ್ಟು ನೋಡುತ್ತಾನೆ. ಅವರು ಬಾಗಿಲಲ್ಲೇ ಸಿಕ್ಕಿಕೊಂಡರೆ ಸದ್ದಿಲ್ಲದೆ ತಿದ್ದುತ್ತಾನೆ, ವರದಿ ಮಾತ್ರ ದಾಖಲಿಸುವುದಿಲ್ಲ.